ಕಲ್ಲಿನ ಮೇಲೆ ನಿಂತ ಫಿಯೆಟ್

ಪ್ರಶ್ನೆ: ನನಗೆ 43 ವರ್ಷ. ಬಸವೇಶ್ವರನಗರದಲ್ಲಿ ಮನೆ. ಮಾವನವರ 1984ರ ಪ್ರೀಮಿಯರ್ ಪದ್ಮಿನಿ ಅವರ ಶೆಡ್‌ನಲ್ಲಿ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. 2021ರಲ್ಲಿ ಅವರು ಮನೆ ಮಾರಿ ಅಪಾರ್ಟ್‌ಮೆಂಟಿಗೆ ಹೋಗುವಾಗ ಗುಜರಿಗೆ ಹಾಕುತ್ತೇನೆ ಅಂದರು. ನಾನೇ ಬೇಡ ಅಂತ ನಮ್ಮ ಮನೆಗೆ ಎಳೆಸಿಕೊಂಡು ಬಂದೆ. ಆರು ತಿಂಗಳು, ಒಂದೂವರೆ ಲಕ್ಷ ಅಂದುಕೊಂಡಿದ್ದೆ. ನಾಲ್ಕು ವರ್ಷ ದಾಟಿತು. ಟಿಂಕರಿಂಗ್‌ನವರು ಒಂದು ತಿಂಗಳು ಅಂದು ಹನ್ನೊಂದು ತಿಂಗಳು ಇಟ್ಟುಕೊಂಡರು. ಇಂಜಿನ್ ಬೋರಿಂಗ್ (ಸಿಲಿಂಡರ್ ಒಳಗೋಡೆ ಕೊರೆದು ನಯ ಮಾಡುವುದು) ಆಗಿ ಮೂಲೆಯಲ್ಲಿ ಕೂತಿದೆ. ಬಣ್ಣ, ವೈರಿಂಗ್, ಬ್ರೇಕು, ಸೀಟು ಎಲ್ಲ ಬಾಕಿ. ಇಲ್ಲಿಯವರೆಗೆ 4 ಲಕ್ಷ 60 ಸಾವಿರ ಹೋಗಿದೆ. ಹೆಂಡತಿಗೆ ಗೊತ್ತಿರುವುದು 2 ಲಕ್ಷ. ಈಗ ಪಾರ್ಟ್ಸ್ ಎಲ್ಲ ಆಫೀಸ್ ವಿಳಾಸಕ್ಕೆ ತರಿಸುತ್ತೇನೆ. ಮೊದಲು ಶನಿವಾರ ಯಾವಾಗ ಬರುತ್ತೋ ಅಂತ ಕಾಯುತ್ತಿದ್ದೆ. ಈಗ ಟಾರ್ಪಾಲ್ ಎತ್ತುವುದಕ್ಕೂ ಮನಸ್ಸಿಲ್ಲ. ಆಯುಧ ಪೂಜೆ ದಿನ ಮಗಳು ‘ಅಪ್ಪ, ಈ ಕಾರಿಗೆ ನಿಂಬೆಹಣ್ಣು ಎಲ್ಲಿಡೋದು?’ ಅಂದಳು. ಕಾರು ಕಲ್ಲಿನ ಮೇಲಿದೆ, ಚಕ್ರವೇ ಇಲ್ಲ. ಟಾರ್ಪಾಲಿಗೇ ಕುಂಕುಮ ಹಚ್ಚಿ ಒಳಗೆ ಬಂದೆ. ಒಬ್ಬರು ಇದ್ದ ಹಾಗೇ 60 ಸಾವಿರಕ್ಕೆ ಕೇಳುತ್ತಿದ್ದಾರೆ. ಕೊಟ್ಟುಬಿಡಲಾ? ಇಲ್ಲ, ಹೋದ ಹುರುಪು ವಾಪಸ್ ಬರುವುದಕ್ಕೆ ದಾರಿ ಇದೆಯಾ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರ ಆರು ಪುಟ ಇತ್ತು, ಇಲ್ಲಿ ಕತ್ತರಿಸಿ ಹಾಕಿದ್ದೇನೆ. ಟಿಂಕರಿಂಗ್‌ನವರನ್ನು ಬೈಯಲು ಒಂದೂವರೆ ಪುಟ ಕೊಟ್ಟಿದ್ದೀರಿ. ಕ್ರೋಮ್ ಬಂಪರ್ ಬಗ್ಗೆ ಮುಕ್ಕಾಲು ಪುಟ. ಹೆಂಡತಿ ಬಗ್ಗೆ ಇದ್ದದ್ದು ಎರಡು ಸಾಲು. ಅವರಿಗೆ ಗೊತ್ತಿರುವುದು ಇಷ್ಟು, ಅವರಿಗೆ ಇದೆಲ್ಲ ಅರ್ಥ ಆಗಲ್ಲ ಅಂತ.

ಅಲ್ಲಾ ಸ್ವಾಮಿ, ಆ ಕಾರು ಯಾರದು? ಅವರ ಅಪ್ಪನದು. ಅವರು ಹುಟ್ಟಿ ಬೆಳೆದ ಮನೆಯ ಕಾರು. 1984ರಲ್ಲಿ ಮನೆ ಮುಂದೆ ಒಂದು ಫಿಯೆಟ್ ನಿಲ್ಲುವುದು ಅಂದರೆ ಸಣ್ಣ ಮಾತಲ್ಲ. ಹೆಸರು ಪದ್ಮಿನಿ ಅಂತಾದರೂ ಎಲ್ಲರೂ ಕರೆಯುತ್ತಿದ್ದದ್ದು ಫಿಯೆಟ್ ಅಂತಲೇ. ದುಡ್ಡು ಕಟ್ಟಿ ವರ್ಷಗಟ್ಟಲೆ ಸರದಿಗೆ ಕಾದು ತಂದ ಕಾರುಗಳು ಅವು. ಮುಂದಿನ ಬಾಗಿಲಿನ ಆ ಪುಟ್ಟ ತ್ರಿಕೋನದ ಗಾಜನ್ನು ತಿರುಗಿಸಿ ಮುಖಕ್ಕೆ ಗಾಳಿ ಬಿಟ್ಟುಕೊಂಡು ನಿಮ್ಮ ಹೆಂಡತಿ ಎಲ್ಲೆಲ್ಲಿಗೆ ಹೋಗಿದ್ದಾರೋ! ಅದರಲ್ಲಿ ಕೂತು ವಾಂತಿ ಮಾಡಿಕೊಂಡಿರಲೂಬಹುದು, ಅದಕ್ಕೇ ಆ ಕಾರು ಕಂಡರೆ ಆಗದೇ ಇರಬಹುದು. ನನಗೆ ಗೊತ್ತಿಲ್ಲ. ಆದರೆ ನಿಮಗೂ ಗೊತ್ತಿಲ್ಲ ಅಲ್ವಾ? ಆರು ಪುಟದಲ್ಲಿ ಒಂದು ಕಡೆಯೂ ‘ಅವಳನ್ನು ಕೇಳಿದೆ’ ಅಂತ ಇಲ್ಲ.

ಹುರುಪು ಎಲ್ಲಿ ಹೋಯಿತು ಅಂತ ಕೇಳಿದ್ದೀರಿ. ನಿಮ್ಮ ಪತ್ರದಲ್ಲೇ ಉತ್ತರ ಇದೆ ಅಂತ ನನಗನ್ನಿಸುತ್ತದೆ. ಪಾರ್ಟ್ಸ್ ಮನೆಗೆ ಬರುತ್ತಿದ್ದ ತನಕ ನಿಮಗೆ ಶನಿವಾರದ ಹಂಬಲ ಇತ್ತು. ಆಫೀಸ್ ವಿಳಾಸಕ್ಕೆ ತರಿಸಲು ಶುರು ಮಾಡಿದ್ದು ಎರಡು ವರ್ಷದ ಹಿಂದೆ ಅಂದಿದ್ದೀರಿ. ಕೆಲಸ ಕುಂಟಲು ಶುರುವಾದದ್ದೂ ಹೆಚ್ಚುಕಡಿಮೆ ಆವಾಗಲೇ. ಈಗ ಟಾರ್ಪಾಲ್ ಎತ್ತಿದರೆ ನಿಮಗೆ ಕಾಣುವುದು ಕಾರಲ್ಲ. 2 ಲಕ್ಷ 60 ಸಾವಿರ ರೂಪಾಯಿ ಮುಚ್ಚಿಟ್ಟದ್ದು ಕಾಣುತ್ತದೆ. ಒಂದು ಹೊಸ ಬೀಡಿಂಗ್ ಬಂದರೆ ‘ನೋಡೇ, ಸಿಕ್ಕಿಬಿಡ್ತು’ ಅಂತ ಒಳಗೆ ಓಡಿಬಂದು ತೋರಿಸುವ ಹಾಗಿಲ್ಲ. ಬ್ಯಾಗಿನಲ್ಲಿ ಬಚ್ಚಿಟ್ಟು, ಕತ್ತಲಾದ ಮೇಲೆ ಡಿಕ್ಕಿಯೊಳಗೆ ಸೇರಿಸಬೇಕು. ಯಾರಿಗೂ ಹೇಳಲಾಗದ ಖುಷಿಯನ್ನು ಎಷ್ಟು ದಿನ ಒಬ್ಬರೇ ಹೊರುತ್ತೀರಿ?

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಒಮ್ಮೆ ಮನೆಯವರಿಗೆ ಹೇಳದೆ ಒಂದು ಚೀಟಿ ಹಾಕಿದ್ದೆ. ಚೀಟಿ ನಡೆಸುತ್ತಿದ್ದವರು ನಡುವೆ ಕೈಯೆತ್ತಿದರು. ಹೋದದ್ದು ದೊಡ್ಡ ಮೊತ್ತವೇನಲ್ಲ. ಆದರೆ ಅದಾದ ಮೇಲೆ ಹದಿನಾಲ್ಕು ತಿಂಗಳು ಮನೆಯಲ್ಲಿ ಯಾರಾದರೂ ‘ದುಡ್ಡು’ ಅಂದರೆ ಸಾಕು, ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದೆ. ಕೊನೆಗೆ ಹೇಳಿದಾಗ ಯಜಮಾನರು ಬೈದದ್ದು ಅರ್ಧ ಗಂಟೆ. ಆಮೇಲೆ ‘ಅದಕ್ಕೇನಾ ಪಾತ್ರೆ ಇಷ್ಟೊಂದು ತೊಳೀತಿದ್ದೆ?’ ಅಂದರು.

ಹಾಗಾಗಿ ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ, ಪೆನ್ನು ಹಿಡಿಯುವುದು. ಒಂದು ಉದ್ದ ನೋಟ್‌ಬುಕ್ ತಗೊಳ್ಳಿ. ಜೆ.ಸಿ. ರೋಡಿನ ಪಾರ್ಟ್ಸ್ ಅಂಗಡಿ ಬಿಲ್ಲು, ಶಿವಾಜಿನಗರದಲ್ಲಿ ಬಿಲ್ಲಿಲ್ಲದೆ ಕೊಟ್ಟದ್ದು, ಲೇತ್‌ನವರಿಗೆ ಕೊಟ್ಟದ್ದು, ಆನ್‌ಲೈನ್ ಆರ್ಡರ್, ಎಲ್ಲ ಬರೆಯಿರಿ. ಒಟ್ಟು ಕೂಡಿಸಿ. 4 ಲಕ್ಷ 60 ಸಾವಿರಕ್ಕಿಂತ ಜಾಸ್ತಿಯೇ ಬರುತ್ತದೆ, ನೋಡುತ್ತಿರಿ. ಆಮೇಲೆ ಮಗಳು ಮಲಗಿದ ಮೇಲೆ ಹೆಂಡತಿ ಮುಂದೆ ಆ ಪುಸ್ತಕ ಇಡಿ. ‘ನಿಮ್ಮಪ್ಪನ ಕಾರು ಅಂತಲೇ ಮಾಡಿದ್ದು’ ಅಂತ ಮಾತ್ರ ಹೇಳಬೇಡಿ. ಅದು ಪೂರ್ತಿ ನಿಜವಲ್ಲ, ಅವರಿಗೂ ಗೊತ್ತಾಗುತ್ತದೆ. ನಿಮ್ಮ ಆಸೆಗೆ ಮಾಡಿದಿರಿ, ಕೈಮೀರಿತು, ಹೇಳಲು ಹೆದರಿದಿರಿ. ಅಷ್ಟೇ ಸಾಕು. ಕೋಪ ಬರುತ್ತದೆ. ಬರಲಿ. ದುಡ್ಡಿನ ಕೋಪ ಒಂದು ವಾರ, ಸುಳ್ಳಿನ ಕೋಪ ಒಂದು ತಿಂಗಳು ಇರಬಹುದು. ಆ ತಿಂಗಳು ಒಂದು ಸ್ಕ್ರೂ ಕೂಡ ಕೊಳ್ಳಬೇಡಿ.

ಹೇಳಿದ ಮೇಲೆ ಇಬ್ಬರೂ ಕೂತು ‘ಮಾರಿಬಿಡೋಣ’ ಅಂದುಕೊಂಡರೆ ಮಾರಿ. ಅದರಲ್ಲಿ ಅವಮಾನ ಏನಿಲ್ಲ. ಆದರೆ ಈಗಿನ 60 ಸಾವಿರಕ್ಕೆ ಬೇಡ. ಬಿಚ್ಚಿ ಹರಡಿದ ಕಾರಿಗೆ ಯಾವತ್ತೂ ಗುಜರಿ ರೇಟೇ. ಹಾಗಂತ ಮುಗಿಸಿದರೆ ಹಾಕಿದ ದುಡ್ಡು ಬಂದೀತು ಅಂತಲೂ ಲೆಕ್ಕ ಹಾಕಬೇಡಿ. ಬರಲ್ಲ. ‘ಇದು ಇನ್ವೆಸ್ಟ್‌ಮೆಂಟ್’ ಅಂತ ನೀವು ಪತ್ರದಲ್ಲಿ ಎರಡು ಸಲ ಬರೆದಿದ್ದೀರಿ. ಹೆಂಡತಿ ಮುಂದೆ ಆ ಮಾತು ಎತ್ತಬೇಡಿ, ನಗುತ್ತಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರ ಕಾಲದಲ್ಲಿ ಹಳೇ ಕಾರು ರಿಪೇರಿ ಇರಲಿಲ್ಲ, ಇದ್ದಿದ್ದರೆ ಅದನ್ನೂ ಸೇರಿಸುತ್ತಿದ್ದರು.

ಇಟ್ಟುಕೊಳ್ಳೋಣ ಅಂತಾದರೆ, ಕಾರಿನ ವಿಷಯಕ್ಕೆ ಬರೋಣ. ನನಗೆ ಗ್ಯಾರೇಜ್ ಭಾಷೆ ಬರಲ್ಲ. ಆದರೆ ನಮ್ಮ ಬೀದಿಯಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ಮೂವತ್ತು ವರ್ಷ ಫಿಯೆಟ್ಟು, ಅಂಬಾಸಿಡರ್ ಬಿಚ್ಚಿದವರು. ನಿಮ್ಮ ಪತ್ರದ ಆ ಭಾಗ ಅವರಿಗೆ ಓದಿ ಹೇಳಿದೆ. ಬಾಕಿ ಕೆಲಸದ ಪಟ್ಟಿಯಲ್ಲಿ ನೀವು ಬಣ್ಣವನ್ನು ಮೊದಲು ಬರೆದದ್ದು ಕೇಳಿ ತಲೆ ಚಚ್ಚಿಕೊಂಡರು. ‘ಮೊದಲು ಓಡಲಿ ಮೇಡಂ, ಆಮೇಲೆ ಹೊಳೀಲಿ’ ಅಂದರು. ಹೊರಗೆ ಬಣ್ಣ ಹೊಡೆಸಿ ಆಮೇಲೆ ಇಂಜಿನ್ ಒಳಗೆ ಕೂರಿಸಲು ಹೋದರೆ ಗೀರು ಬೀಳುವುದು ಗ್ಯಾರಂಟಿಯಂತೆ. ತಗಡಿಗೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಸಿ, ಬಾನೆಟ್ ಒಳಗೂ ಕಾರಿನ ಅಡಿಗೂ ಬಣ್ಣ ಮುಗಿಸಿ. ಆಮೇಲೆ ಬ್ರೇಕು, ಚಕ್ರ, ಇಂಜಿನ್, ಓಡಲು ಬೇಕಾದಷ್ಟು ವೈರಿಂಗ್. ಹೊರಗಿನ ಬಣ್ಣ, ಸೀಟು, ಬಂಪರ್ ಕೊನೆಗೆ. ಬೂದು ಪ್ರೈಮರ್ ಬಳಿದುಕೊಂಡೇ ಕಾರು ಗೇಟಿನವರೆಗೆ ಹೋಗಿ ಬರಲಿ. ಆ ಹತ್ತು ಅಡಿಯಲ್ಲಿ ಇರುವ ಹುರುಪು ನಾನು ಎಷ್ಟು ಬರೆದರೂ ಬರಲ್ಲ.

ಅವರು ಕೇಳಿದ ಇನ್ನೊಂದು ಪ್ರಶ್ನೆ: ಬೋರಿಂಗ್ ಆದ ಇಂಜಿನ್ ಎಷ್ಟು ದಿನದಿಂದ ಕೂತಿದೆ? ಎರಡು ಮಳೆಗಾಲ ಅಂದೆ. ಬೆಂಗಳೂರಿನ ತೇವಕ್ಕೆ ಒಳಗೆ ತುಕ್ಕು ಹತ್ತಿ ಪಿಸ್ಟನ್ ರಿಂಗ್ ಹಿಡಿದುಕೊಂಡರೆ ಬೋರಿಂಗ್ ದುಡ್ಡು ಮತ್ತೆ ಕೊಡಬೇಕಂತೆ. ಹಾಗಾಗಿ ಟಾರ್ಪಾಲ್ ಎತ್ತಲು ಮನಸ್ಸಿಲ್ಲದಿದ್ದರೂ ಇದೊಂದು ಮಾಡಿ. ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಡಿ. ಸ್ವಲ್ಪ ಹೊತ್ತು ಬಿಟ್ಟು ಮುಂದಿನ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ, ನಿಧಾನಕ್ಕೆ ಎರಡು ಸುತ್ತು ತಿರುಗಿಸಿ. ಬಿಗಿಯಾದರೆ ಬಲ ಹಾಕಬೇಡಿ, ಇನ್ನೊಂದು ದಿನ ನೆನೆಯಲಿ. ತಿರುಗಿದರೆ ಪ್ಲಗ್ ಮತ್ತೆ ಕೂರಿಸಿ, ಮುಚ್ಚಿ, ಕೈ ತೊಳೆದುಕೊಂಡು ಒಳಗೆ ಹೋಗಿ. ಅವತ್ತಿನ ಕೆಲಸ ಮುಗಿಯಿತು. ಮಗಳನ್ನು ಜೊತೆಗೆ ಕೂರಿಸಿಕೊಳ್ಳಿ, ಚಮಚ ಅವಳು ಹಿಡಿಯಲಿ. ನಿಂಬೆಹಣ್ಣು ಎಲ್ಲಿಡೋದು ಅಂತ ಕೇಳಿದ ಮಗು ತಮಾಷೆಗೆ ಕೇಳಿರಲಾರದು. ಅವಳಿಗೆ ಆ ಕಾರಿನ ಬಗ್ಗೆ ನಿಮಗಿಂತ ಜಾಸ್ತಿ ನಂಬಿಕೆ ಇದ್ದ ಹಾಗಿದೆ.

ಇನ್ನು ನಿಮ್ಮ ಖರೀದಿ ಚಟ. ಟೈಲ್ ಲ್ಯಾಂಪ್ ಎರಡು ಜೊತೆ ಇದೆ, ಹೆಡ್‌ಲೈಟ್ ರಿಂಗ್ ಮೂರು ಸೆಟ್ ಇದೆ ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಬ್ರೇಕ್ ಹೋಸ್ ಒಂದೂ ಇಲ್ಲ! ರಾತ್ರಿ ಹನ್ನೊಂದಕ್ಕೆ ಮೊಬೈಲ್ ಹಿಡಿದು ಹೊಳೆಯುವ ಪಾರ್ಟು ಆರ್ಡರ್ ಮಾಡಿದರೆ ಏನೋ ಕೆಲಸ ಆದ ಹಾಗೆ ಅನಿಸುತ್ತದೆ. ಆಗಿರಲ್ಲ. ಕಂಪನಿ ಮುಂಬೈನ ಕುರ್ಲಾದಲ್ಲಿ ಈ ಕಾರು ಮಾಡುವುದು ನಿಲ್ಲಿಸಿ ಹೆಚ್ಚುಕಡಿಮೆ ಇಪ್ಪತ್ತೈದು ವರ್ಷ ಆಯಿತು. ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದ ತನಕ ಪಾರ್ಟ್ಸ್‌ಗೆ ಖಾಯಂ ಗಿರಾಕಿ ಇತ್ತು. 2023ರ ಅಕ್ಟೋಬರ್‌ನಲ್ಲಿ ಅವೂ ರಸ್ತೆಯಿಂದ ಇಳಿದವು. ಹಾಗಾಗಿ ಆತಂಕಕ್ಕೆ ಕಂಡದ್ದೆಲ್ಲ ಕೊಳ್ಳುತ್ತೀರಿ, ಅರ್ಥ ಆಗುತ್ತದೆ. ಆದರೂ ತಿಂಗಳಿಗೆ ಇಷ್ಟೇ ಅಂತ ಹೆಂಡತಿ ಜೊತೆ ಕೂತು ಒಂದು ಮೊತ್ತ ಗೊತ್ತು ಮಾಡಿ. 5 ಸಾವಿರವೋ 8 ಸಾವಿರವೋ, ಮಗಳ ಫೀಸು, ಮನೆ ಸಾಲ ಕಳೆದ ಮೇಲೆ ಉಳಿಯುವುದರಲ್ಲಿ. ಆ ತಿಂಗಳು ಖರ್ಚಾಗದಿದ್ದರೆ ಡಬ್ಬಿಯಲ್ಲಿ ಇರಲಿ, ಮುಂದಿನ ತಿಂಗಳು ದೊಡ್ಡ ಕೆಲಸ ಮಾಡಿಸಬಹುದು. ಜಾಸ್ತಿಯಾದ ಟೈಲ್ ಲ್ಯಾಂಪನ್ನು ಬೇಕಾದವರಿಗೆ ಕೊಟ್ಟು ಆ ಡಬ್ಬಿಗೇ ಹಾಕಿ. ಸಾಲ ಮಾಡಿ, ಕ್ರೆಡಿಟ್ ಕಾರ್ಡ್ ಉಜ್ಜಿ ಮಾಡುವುದಾದರೆ ಇವತ್ತೇ ನಿಲ್ಲಿಸಿ.

ಹಾರ್ಲಿಕ್ಸ್ ಬಾಟಲಿ ತುಂಬ ಬೋಲ್ಟು, ಯಾವುದು ಎಲ್ಲಿಯದು ಗೊತ್ತಿಲ್ಲ ಅಂದಿದ್ದೀರಲ್ಲ, ಅದಕ್ಕೆ ನನ್ನ ಬಳಿ ಮದ್ದಿಲ್ಲ. ಒಂದು ಮಳೆ ದಿನ ಹಳೇ ಪೇಪರ್ ಹಾಸಿ ಸುರಿದುಕೊಂಡು ಕೂರಬೇಕು ಅಷ್ಟೇ. ಅಕ್ಕಿ ಆರಿಸುವ ಹಾಗೆ.

ಕೊನೆಗೆ ಒಂದು ವಿಷಯ. ನೀವು ಬರೆದೇ ಇಲ್ಲ. ಆರ್‌ಸಿ ಯಾರ ಹೆಸರಲ್ಲಿದೆ? ಚಾಲ್ತಿಯಲ್ಲಿದೆಯಾ? ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ಜೊತೆಗೆ ಫಿಟ್‌ನೆಸ್, ಹಸಿರು ತೆರಿಗೆ. ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5 ಸಾವಿರ ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10 ಸಾವಿರ ಮಾಡಿದರು. ತಡವಾದ ತಿಂಗಳಿಗೆಲ್ಲ ದಂಡ ಬೇರೆ. ಇದನ್ನೂ ಆ ನೋಟ್‌ಬುಕ್ಕಿನ ಲೆಕ್ಕಕ್ಕೆ ಸೇರಿಸಿ. ವಿಂಟೇಜ್ ಅಂತ ನೋಂದಾಯಿಸುತ್ತೇನೆ ಅಂದುಕೊಂಡಿದ್ದರೆ ಅದಕ್ಕೆ ಐವತ್ತು ವರ್ಷ ತುಂಬಬೇಕು. ನಿಮ್ಮದಕ್ಕೆ 2034 ಬರಬೇಕು.

ಆರ್‌ಸಿ ಇನ್ನೂ ಮಾವನವರ ಹೆಸರಲ್ಲೇ ಇದ್ದರೆ ಹೆಸರು ವರ್ಗಾವಣೆಯ ಫಾರಂ 29, ಫಾರಂ 30ಕ್ಕೆ ಅವರ ಸಹಿ ಬೇಕು. ಅವರಿಗೆ 79 ಅಂದಿದ್ದೀರಿ. ಇದನ್ನು ಮುಂದೂಡಬೇಡಿ. ಹೆಂಡತಿಗೆ ಲೆಕ್ಕ ಒಪ್ಪಿಸಿ, ಅವರ ಕೋಪ ಇಳಿದ ಮೇಲಿನ ಭಾನುವಾರ ಇಬ್ಬರೂ ಹೋಗಿ. ಕಾರು ಹೆಂಡತಿ ಹೆಸರಿಗೇ ಆಗಲಿ ಅನ್ನುವುದು ನನ್ನ ಅಭಿಪ್ರಾಯ. ಆ ಫಾರಂ ತುಂಬುವ ಕೆಲಸ ನಿಮ್ಮದು. ಅವರಪ್ಪ ಸಹಿ ಹಾಕುವಾಗ ಅಪ್ಪ ಮಗಳು ಏನು ಮಾತಾಡುತ್ತಾರೋ, ಸುಮ್ಮನೆ ಕೂತು ಕೇಳಿಸಿಕೊಳ್ಳಿ.