ಟೇಪ್ ಕಟ್ ಆಯ್ತು, ಬೀಗದ ಕೈ ಯಾರ ಹತ್ರ ಇದೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಅಂಚೆಯಲ್ಲೂ ವಾಟ್ಸಾಪಲ್ಲೂ ಹಳ್ಳಿ ಸರ್ಕಾರಿ ಶಾಲೆಗಳ ಹೊಸ ಕೊಠಡಿ, ಟಾಯ್ಲೆಟ್, ಸ್ಮಾರ್ಟ್ ಕ್ಲಾಸ್ ಬಗ್ಗೆನೇ ಪತ್ರಗಳು ಜಾಸ್ತಿ ಬಂದಿದ್ವು, ಹಾಗಾಗಿ ಗಂಡ ಹೆಂಡತಿ ಜಗಳದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದೀವಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮಸ್ಕಾರ್ರಿ. ನಮ್ಮೂರ ಸರ್ಕಾರಿ ಸಾಲಿಗೆ ಹೊಸಾ ಖೋಲಿ, ಹೆಣ್ಮಕ್ಕಳಿಗೆ ಬ್ಯಾರೆ ಟಾಯ್ಲೆಟ್, ಒಂದು ಸ್ಮಾರ್ಟ್ ಕ್ಲಾಸ್ ಎಲ್ಲಾ ಆತು. ಪೆಂಡಾಲ್ ಹಾಕಿ ದೊಡ್ಡೋರನ್ನ ಕರಸಿ ಓಪನಿಂಗೂ ಮಾಡಿದ್ರು. ಆದ್ರ ಟಾಯ್ಲೆಟ್ಟಿಗೆ ಅವತ್ತಿಂದ ಕೀಲಿ ಹಾಕ್ಯಾರ, ನೀರಿಲ್ಲ ಅಂತಾರ. ನಾನು ಎಸ್‌ಡಿಎಂಸಿ, ಅಂದ್ರ ಸಾಲಿ ಕಮಿಟಿ, ಮೆಂಬರ್ ಅದೀನಿ, ಮೀಟಿಂಗಿಗೆ ಹೋದ್ರ ಸಹಿ ಮಾಡ್ರಿ ಅಂತಾರ, ಮಾತಾಡಾಕ ಬಿಡಂಗಿಲ್ಲ. ಯಾರನ್ನ ಕೇಳ್ಬೇಕ್ರಿ?
– ಒಬ್ಬ ತಾಯಿ, ಕೊಪ್ಪಳ ಜಿಲ್ಲೆ

ಉತ್ತರ: ಅಕ್ಕಾ, ನೀವು ಯಾರನ್ನೋ ಹುಡುಕ್ಕೊಂಡು ಹೋಗೋದಕ್ಕಿಂತ ಮೊದ್ಲು ಒಂದು ವಿಷ್ಯ ತಿಳ್ಕೊಳ್ಳಿ, ಕೇಳೋ ಅಧಿಕಾರ ಇರೋದೇ ನಿಮಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಅದೇ ಆರ್‌ಟಿಇ, ಅದರ 21ನೇ ಸೆಕ್ಷನ್ ಪ್ರಕಾರ ಶಾಲಾ ಕಮಿಟಿಯಲ್ಲಿ ಮುಕ್ಕಾಲು ಪಾಲು ಅಪ್ಪ ಅಮ್ಮಂದಿರೇ ಇರಬೇಕು, ಒಟ್ಟು ಮೆಂಬರ್‌ಗಳಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು, ಮತ್ತೆ ಬಂದ ದುಡ್ಡು ಹೆಂಗೆ ಖರ್ಚಾಯ್ತು ಅಂತ ನೋಡೋದು ಆ ಕಮಿಟಿ ಕೆಲಸಾನೇ. ಬರೀ ಸಹಿ ಹಾಕೋಕೆ ಅಂತ ಯಾರೂ ನಿಮ್ಮನ್ನ ಕರೆದಿಲ್ಲ. ಗಂಡು ಮಕ್ಕಳಿಗೂ ಹೆಣ್ಮಕ್ಕಳಿಗೂ ಬೇರೆ ಬೇರೆ ಟಾಯ್ಲೆಟ್, ಕುಡಿಯೋ ನೀರು, ಬಿಸಿಯೂಟದ ಅಡುಗೆಮನೆ, ಆಟದ ಮೈದಾನ, ಕಾಂಪೌಂಡು, ಲೈಬ್ರರಿ, ಇವೆಲ್ಲ ಅದೇ ಕಾಯ್ದೆಯ ಅನುಸೂಚಿಯಲ್ಲಿ ಬರೆದಿರೋವು. ಬೀಗ ಹಾಕಿರೋ ಟಾಯ್ಲೆಟ್ಟು ಟಾಯ್ಲೆಟ್ ಲೆಕ್ಕಕ್ಕೆ ಬರಲ್ಲ ಅಂತ ಧೈರ್ಯವಾಗಿ ಹೇಳಿ.

ಈಗ ಕೆಲಸದ ಮಾತು. ಒಂದಿನ ಹೆಡ್‌ಮಾಸ್ಟ್ರ ಜೊತೆನೇ ಹೋಗಿ ಬೀಗ ತೆಗೆಸಿ ಒಳಗೆ ನಿಂತು ನೋಡಿ. ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕ್ ಕೂತಿರುತ್ತೆ, ಟ್ಯಾಂಕಿಂದ ಕೆಳಗೆ ಪೈಪೂ ಇರುತ್ತೆ, ಆದ್ರೆ ಟ್ಯಾಂಕಿಗೆ ನೀರು ಹತ್ತಿಸೋ ಪೈಪು ಪಂಚಾಯ್ತಿ ಲೈನಿಗೆ ಸೇರಿಸಿರಲ್ಲ, ಕಟ್ಟಡ ಕಟ್ಟಿದೋರು ಅದು ನಮ್ಮ ಎಸ್ಟಿಮೇಟಲ್ಲಿ ಇಲ್ಲ ಅಂತಾರೆ, ಪಂಚಾಯ್ತಿಯೋರು ನಮಗೆ ಯಾರೂ ಬರೆದೇ ಕೊಟ್ಟಿಲ್ಲ ಅಂತಾರೆ, ಬಹಳ ಕಡೆ ಕಥೆ ಇಷ್ಟೇ. ಚಿಲಕ ಒಂದನೇ ಕ್ಲಾಸ್ ಮಗುವಿನ ಕೈಗೆ ಎಟುಕುತ್ತಾ ಅದನ್ನೂ ನೋಡಿ, ದೊಡ್ಡೋರ ಭುಜದೆತ್ತರಕ್ಕೆ ಜಡಿದಿದ್ರೆ ಆ ಮಗು ಒಳಗೆ ಹೋಗೋದೇ ಇಲ್ಲ. ನೋಡಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆಸೋ ತನಕ ಸಹಿ ಹಾಕಬೇಡಿ, ಅದರ ಕಾಪಿ ಇಟ್ಕೊಂಡು ಪಂಚಾಯ್ತಿ ಅಧಿಕಾರಿ ಪಿಡಿಒಗೊಂದು, ಕ್ಷೇತ್ರ ಶಿಕ್ಷಣಾಧಿಕಾರಿ ಬಿಇಒಗೊಂದು ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. 2023ರ ನವೆಂಬರ್ 1ಕ್ಕೆ ರಾಜ್ಯ ಸರ್ಕಾರ ಎಲ್ಲಾ ಸರ್ಕಾರಿ ಶಾಲೆಗಳಿಗೆ ಕರೆಂಟೂ ನೀರೂ ಫ್ರೀ ಅಂತ ಘೋಷಣೆ ಮಾಡಿದೆ, ಆದ್ರಿಂದ ಬಿಲ್ಲು ಯಾರು ಕಟ್ತಾರೆ ಅನ್ನೋ ಹಳೇ ನೆಪ ಹೇಳಿದ್ರೆ ಇದನ್ನ ನೆನಪಿಸಿ.

ಇನ್ನೊಂದು ಮಾತು. ನೀರು ಬಂದ್ಮೇಲೆ ತೊಳೆಯೋರು ಯಾರು ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಮಕ್ಕಳ ಕೈಲಿ ತೊಳೆಸಂಗಿಲ್ಲ, ಆ ಬಗ್ಗೆ ಇಲಾಖೆ ಕಟ್ಟುನಿಟ್ಟಾಗಿ ಹೇಳಿದೆ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯ ಶಾಲಾ ಅನುದಾನ ಅಂತ ಒಂದಿದೆ, ಮಾರ್ಗಸೂಚಿ ಪ್ರಕಾರ 30ರ ಮೇಲೆ 100ರ ತನಕ ಮಕ್ಕಳಿದ್ರೆ ವರ್ಷಕ್ಕೆ 25,000 ರೂಪಾಯಿ, 250ರ ತನಕ 50,000, ಅದರಲ್ಲಿ ಕಡಿಮೆ ಅಂದ್ರೂ ನೂರಕ್ಕೆ 10 ಭಾಗ ಸ್ವಚ್ಛತೆಗೇ ಖರ್ಚು ಮಾಡಬೇಕು. ಸಣ್ಣ ದುಡ್ಡೇ, ವರ್ಷಪೂರ್ತಿ ಆಳಿನ ಕೂಲಿಗೆ ಸಾಲಲ್ಲ, ಅಂಥ ಕಡೆ ಪಂಚಾಯ್ತಿಯಿಂದಲೇ ಒಬ್ಬರನ್ನ ಕಳಿಸಿ ಅಂತ ಗ್ರಾಮಸಭೆಯಲ್ಲಿ ಎದ್ದು ಕೇಳಬೇಕಾಗುತ್ತೆ, ಒಬ್ರೇ ಹೋಗ್ಬೇಡಿ, ನಾಲ್ಕು ಜನ ತಾಯಂದಿರು ಒಟ್ಟಿಗೆ ಹೋಗಿ.

ಪ್ರಶ್ನೆ: ಸರ್, ನಮ್ಮೂರ್ ಸ್ಕೂಲ್ ಬಿಲ್ಡಿಂಗ್ ರೆಡಿಯಾಗಿ ಎಷ್ಟೋ ದಿನ ಆಯ್ತು, ಗಣ್ಯರ ಡೇಟ್ ಸಿಕ್ಕಿಲ್ಲ ಅಂತ ಮಕ್ಕಳು ಇನ್ನೂ ಸೋರೋ ಹೆಂಚಿನ ಕೆಳಗೇ ಕೂತವ್ರೆ. ಉದ್ಘಾಟನೆ ಇಲ್ದೆ ಕೂರಿಸೋ ಹಂಗಿಲ್ವಾ?
– ಓದುಗರು, ಹಾಸನ

ಉತ್ತರ: ಟೇಪ್ ಕಟ್ ಆಗೋ ತನಕ ಮಕ್ಕಳು ಒಳಗೆ ಹೋಗಬಾರದು ಅಂತ ಆರ್‌ಟಿಇ ಕಾಯ್ದೆಯಲ್ಲಿ ಎಲ್ಲೂ ಇಲ್ಲ ಸ್ವಾಮಿ. ಬೇಕಾಗಿರೋದು ಹಸ್ತಾಂತರದ ಕಾಗದ. ಕಟ್ಟಿಸಿದ ಇಲಾಖೆ ಎಂಜಿನಿಯರು ಕೆಲಸ ಮುಗಿದಿದೆ ಅಂತ ಬರೆದು ಶಾಲೆಗೆ ವಹಿಸಿಕೊಟ್ಟಿದಾರಾ, ಕೇಳಿ. ಅದಾಗಿದ್ರೆ ಹೆಡ್‌ಮಾಸ್ಟ್ರು ಬಿಇಒಗೆ ಪತ್ರ ಬರೆದು ಪಾಠ ಶುರು ಮಾಡೋಕೆ ಅನುಮತಿ ಕೇಳ್ಲಿ, ಹಾರ ತುರಾಯಿ ಯಾವಾಗ ಬೇಕಾದ್ರೂ ಹಾಕ್ಕೋಬಹುದು. ಆಗಿಲ್ಲ ಅಂದ್ರೆ ಮಾತ್ರ ಆತುರ ಬೇಡ, ಯಾಕಂದ್ರೆ ಒಳಗಡೆ ವೈರಿಂಗ್ ಬಾಕಿ ಇದ್ದಿರಬಹುದು. ಟೆಂಡರಿನಲ್ಲಿ ದೋಷ ಬಂದ್ರೆ ಕಾಂಟ್ರಾಕ್ಟರೇ ಸರಿ ಮಾಡಿಕೊಡಬೇಕು ಅನ್ನೋ ಒಂದು ಅವಧಿ ಬರೆದಿರ್ತಾರೆ, ಅದು ಎಲ್ಲಿಂದ ಎಲ್ಲಿ ತನಕ ಅಂತ ಹಸ್ತಾಂತರದ ದಿನವೇ ಕೇಳಿ ಬರೆದಿಟ್ಕೊಳ್ಳಿ, ಮೊದಲನೇ ಮಳೆಗೆ ತಾರಸಿ ಸೋರಿದ್ರೆ ಉಪಯೋಗಕ್ಕೆ ಬರುತ್ತೆ. ಹೇಳ್ಲಿಲ್ಲ ಅಂದ್ರೆ 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು.

ಪ್ರಶ್ನೆ: ನಾನು ಓದಿದ ಶಾಲೆಗೆ ಏನಾದ್ರೂ ಕೊಡಬೇಕು ಅಂತ ಆಸೆ. ನಾವು ಹಳೇ ವಿದ್ಯಾರ್ಥಿಗಳು ಸೇರಿ ಇನ್ನೊಂದು ಸ್ಮಾರ್ಟ್ ಟಿವಿ ಕೊಡಿಸೋಣ ಅಂತಿದೀವಿ. ಹೇಗೆ?
– ಊರು ಬಿಟ್ಟು ಬೆಂಗಳೂರು ಸೇರಿದವ

ಉತ್ತರ: ಇನ್ನೊಂದು ಟಿವಿ ಯಾಕೆ ತಮ್ಮಾ? ಇರೋ ಟಿವಿನೇ ಹೆಡ್‌ಮಾಸ್ಟ್ರ ರೂಮಲ್ಲಿ ಬಟ್ಟೆ ಹೊದ್ದುಕೊಂಡು ಮದುವೆ ಹೆಣ್ಣಿನ ಥರ ಕೂತಿದೆಯೋ ಏನೋ, ಮೊದ್ಲು ವಿಚಾರಿಸಿ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕೋರಿಲ್ಲದೆ, ವೈರು ಇಲಿ ಕಡಿದು, ಇಂಟರ್ನೆಟ್ ಪ್ಯಾಕ್ ಮುಗಿದು ನಿಂತಿರೋ ಸ್ಮಾರ್ಟ್ ಕ್ಲಾಸ್‌ಗಳಿಗೆ ಬರ ಇಲ್ಲ. ಟೀಚರನ್ನೇ ಕೇಳಿ, ಅವರು ಬಹುಶಃ ಸಣ್ಣ ಸಣ್ಣದು ಹೇಳ್ತಾರೆ, ಫ್ಯಾನು, ಓದೋ ಪುಸ್ತಕ, ಮೋಟರ್ ರಿಪೇರಿ, ಹೀಗೆ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ, ಆದ್ರೂ ಅದನ್ನೇ ಕೊಡಿ. ದುಡ್ಡು ಯಾರ ಕೈಗೂ ಕೊಡಬೇಡಿ, ಎಸ್‌ಡಿಎಂಸಿ ಖಾತೆಗೆ ಹಾಕಿ ರಸೀದಿ ತಗೊಳ್ಳಿ.

ಪ್ರಶ್ನೆ: ಕಟ್ಟಡ ಚೆನ್ನಾಗಾದ್ರೆ ಕಾನ್ವೆಂಟಿಗೆ ಹೋಗಿರೋ ಮಕ್ಕಳು ವಾಪಸ್ ಬರ್ತಾರಾ?
– ಶಿಕ್ಷಕಿ, ತುಮಕೂರು

ಉತ್ತರ: ಬಣ್ಣ ನೋಡಿ ಬರೋರು ಕಡಿಮೆ ಮೇಡಂ. ಪೋಷಕರು ಎಲ್‌ಕೆಜಿ ಇದೆಯಾ, ಇಂಗ್ಲಿಷ್ ಇದೆಯಾ, ವ್ಯಾನ್ ಬರುತ್ತಾ, ಕ್ಲಾಸಿಗೊಬ್ರು ಟೀಚರ್ ಇದಾರಾ ಅಂತ ಕೇಳ್ತಾರೆ, ಈ ಸಾಲಲ್ಲಿ ಕಟ್ಟಡ ಐದನೆಯದು. ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಡೆ ಸಿಗೋ ಕರ್ನಾಟಕ ಪಬ್ಲಿಕ್ ಸ್ಕೂಲಿಗೆ ಜನ ಒಲಿದಿರೋದು ಅದಕ್ಕೇ. ಆದ್ರೆ ದೊಡ್ಡ ಶಾಲೆ ಬಂತು ಅಂತ ಪಕ್ಕದ ಹಳ್ಳಿ ಚಿಕ್ಕ ಶಾಲೆ ಮುಚ್ಚೋ ಹಂಗಾದ್ರೆ ಮೂರು ಕಿಲೋಮೀಟರ್ ನಡೆಯೋ ಏಳು ವರ್ಷದ ಮಗುಗೆ ಇದರಿಂದ ಲಾಭ ಏನು ಅಂತ ನಾನಂತೂ ಕೇಳ್ತೀನಿ.

ಪ್ರಶ್ನೆ: ಶಿಲಾಫಲಕದಲ್ಲಿ ನಮ್ಮ ಎಸ್‌ಡಿಎಂಸಿ ಅಧ್ಯಕ್ಷರ ಹೆಸರು ಬಿಟ್ಟಿದಾರೆ, ಊರಲ್ಲಿ ಎರಡು ಪಾರ್ಟಿ ಆಗಿದೆ. ಏನ್ಮಾಡೋಣ?
– ಹೆಸರು ಬೇಡ

ಉತ್ತರ: ಹೊಸ ಕಲ್ಲು ಹಾಕ್ಸಲೇಬೇಕು ಅಂದ್ರೆ ಇಲಾಖೆಯೋರನ್ನ ಕೇಳಿ ಹಾಕ್ಸಿ, ಅಧ್ಯಕ್ಷರ ಸ್ವಂತ ದುಡ್ಡಲ್ಲಿ. ಶಾಲೆ ಅನುದಾನಕ್ಕೆ ಕೈ ಹಾಕಬೇಡಿ.