ಸುಣ್ಣಕಲ್ಲಿನಲ್ಲಿ ಬೆಳ್ಳಿ, ಸೀಸ, ಸತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಪರಿಶೋಧಿಸುತ್ತಿರುವ ಸುಣ್ಣಕಲ್ಲಿನ ಗುಡ್ಡದಲ್ಲಿ ಹಳೆಯ ಗಣಿಗುಂಡಿಗಳಿವೆ. ಮಣ್ಣಿನ ಪರೀಕ್ಷೆಯಲ್ಲಿ ಗುಂಡಿಗಳ ಮೇಲ್ಭಾಗದಲ್ಲಿ ಸೀಸವೂ ಇಳಿಜಾರಿನ ಕೆಳಗೆ ಸತುವೂ ಹೆಚ್ಚು ಬಂದಿದೆ. ಎಲ್ಲಿ ಕೊರೆಯಬೇಕು?

ಉತ್ತರ: ಸದ್ಯಕ್ಕೆ ಎಲ್ಲೂ ಬೇಡ. ಎರಡರಲ್ಲಿ ಸೀಸದ ಮಾತನ್ನು ಮೊದಲು ಕೇಳಿ. ಸೀಸದ ಮುಖ್ಯ ಅದಿರಾದ ಗೆಲೀನಾ ಗಾಳಿ, ಮಳೆಗೆ ಸಿಕ್ಕಾಗ ಆಂಗ್ಲಿಸೈಟ್ (ಸೀಸದ ಸಲ್ಫೇಟ್), ಸೆರುಸೈಟ್ (ಸೀಸದ ಕಾರ್ಬೊನೇಟ್) ಆಗುತ್ತದೆ. ಇವು ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಹಾಗಾಗಿ ಸೀಸ ಹೆಚ್ಚು ದೂರ ಹೋಗುವುದಿಲ್ಲ. ಸತು ಸಲ್ಫೇಟಾಗಿ ನೀರಿನ ಜೊತೆ ಹರಿದು, ಸುಣ್ಣಕಲ್ಲು ಆ ನೀರಿನ ಹುಳಿಯನ್ನು ಮುರಿದ ಕಡೆ ಸ್ಮಿತ್‌ಸೊನೈಟ್ (ಸತುವಿನ ಕಾರ್ಬೊನೇಟ್) ಆಗಿ ಕೂರುತ್ತದೆ. ಗುಂಡಿಯ ಕೆಳಗಿನ ಮಣ್ಣಿಗೆ ಗಣಿತ್ಯಾಜ್ಯ ಬೆರೆತಿರುವ ಸಂಭವವೂ ಇದೆ. ಆ ಮಾದರಿಗಳನ್ನು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ.

ತ್ಯಾಜ್ಯದ ರಾಶಿಯಲ್ಲಿ ಬಿಳಿ, ಮಬ್ಬು ಕಲ್ಲು ಕಂಡರೆ ಸುಣ್ಣಕಲ್ಲೆಂದು ಬಿಡಬೇಡಿ. ಕೈಯಲ್ಲಿ ತೂಗಿ ನೋಡಿ: ಸುಣ್ಣಕಲ್ಲಿನ ಸಾಂದ್ರತೆ 2.7, ಸ್ಮಿತ್‌ಸೊನೈಟಿನದು ಸುಮಾರು 4.4, ಸೆರುಸೈಟಿನದು 6.5. ತಣ್ಣನೆಯ 10% ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ಸುಣ್ಣಕಲ್ಲು ಕೂಡಲೇ ಬುಸುಗುಟ್ಟಿ ನೊರೆ ಬರುತ್ತದೆ, ಸ್ಮಿತ್‌ಸೊನೈಟ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಸುಣ್ಣಕಲ್ಲನ್ನೇ ಹೋಲುವ, ಮೆಗ್ನೀಸಿಯಂ ಇರುವ ಡಾಲಮೈಟೂ ಪುಡಿ ಮಾಡದೆ ಹೆಚ್ಚು ನೊರೆ ಬಿಡದು, ಆದ್ದರಿಂದ ತೂಕ, ಆಮ್ಲ ಎರಡೂ ಬೇಕು.

ಬಳಿಕ ನಕ್ಷೆ. ಸ್ತರಭಂಗಗಳು (ಶಿಲೆ ಒಡೆದು ಸರಿದ ಬಿರುಕುಗಳು), ಅಗ್ನಿಶಿಲೆಯ ಡೈಕುಗಳು (ಬಿರುಕಿನಲ್ಲಿ ಗೋಡೆಯಂತೆ ನುಗ್ಗಿ ಗಟ್ಟಿಯಾದ ಶಿಲೆ), ಬಿಳಿಚಿಕೊಂಡು ಹರಳುಗಟ್ಟಿದ ಸುಣ್ಣಕಲ್ಲು, ಕರಿ ಮ್ಯಾಂಗನೀಸ್ ಕಲೆ, ಕಬ್ಬಿಣದ ತುಕ್ಕಿನ ಗಟ್ಟಿ ಸಿಲಿಕಾ ಕಲ್ಲು, ಇವು ಎಲ್ಲಿ ಒಟ್ಟುಗೂಡುತ್ತವೆ ನೋಡಿ. ಲೋಹ ಹೊತ್ತ ಬಿಸಿ ದ್ರವ ಹೊರಟ ಅಗ್ನಿಶಿಲೆಯ ಹತ್ತಿರ ಸಾಮಾನ್ಯವಾಗಿ ತಾಮ್ರ, ಆಚೆಗೆ ಸತು, ಸೀಸ, ಬೆಳ್ಳಿ, ಇನ್ನೂ ಹೊರಗೆ ಮ್ಯಾಂಗನೀಸ್. ಬರೀ ಮ್ಯಾಂಗನೀಸ್ ಕಂಡರೆ ನೀವು ಅಂಚಿನಲ್ಲಿರಬಹುದು.

ಪ್ರಶ್ನೆ: 200 ಮೀಟರ್ ಅಂತರದಲ್ಲಿ ಮೂರು ನೇರ ಬೋರ್ ಹಾಕಿದೆವು, ಅದಿರು ಸಿಗಲಿಲ್ಲ. ಜಾಗ ಬಿಟ್ಟುಬಿಡೋಣವೇ?

ಉತ್ತರ: ಅಷ್ಟರಿಂದ ತೀರ್ಮಾನಿಸಲಾಗದು. ಈ ಬಗೆಯ ಅದಿರು ಪದರದುದ್ದಕ್ಕೆ ಮಲಗಿದ ಕೊಳವೆಯಂತೆಯೋ, ಕಡಿದಾಗಿ ನಿಂತ ಕಂಬದಂತೆಯೋ ಇರುತ್ತದೆ. ಉದ್ದ ಬಹಳ, ಅಡ್ಡಗಲ ಬರೀ ಹತ್ತಾರು ಮೀಟರ್ ಇರಬಹುದು. ಮೆಕ್ಸಿಕೊದ ಚಿವಾವಾ ರಾಜ್ಯದ ಸಾಂತಾ ಯೂಲಾಲಿಯಾ ಗಣಿಗಳಲ್ಲಿ ಎರಡೂ ರೂಪ ಇವೆ. ಸಮ ಅಂತರದ ಚೌಕಳಿಯಲ್ಲಿ ಕೊರೆದರೆ ಇಂಥ ಅದಿರಿನ ಪಕ್ಕದಲ್ಲೇ ಬೋರ್ ಹಾದುಹೋಗಬಹುದು. ಹಳೆಯ ಗಣಿಯಲ್ಲಿ ಅದಿರು ನಿಂತ ತುದಿಯಿಂದ ಶುರುಮಾಡಿ, ಸ್ತರಭಂಗಕ್ಕೆ ಅಡ್ಡವಾಗಿ ಓರೆ ಬೋರುಗಳನ್ನು ಹಾಕಿ, ಸಲ್ಫೈಡ್ (ಗಂಧಕ ಬೆರೆತ ಮೂಲ ಅದಿರು) ಸಿಕ್ಕಿದ ಮೇಲೆ 25–50 ಮೀಟರಿನಷ್ಟೇ ಮುಂದೆ ಸರಿಯಿರಿ.

ವಿದ್ಯುತ್ ಸರ್ವೆಯನ್ನೇ ನೆಚ್ಚಬೇಡಿ. ಸತುವಿನ ಅದಿರಾದ ಸ್ಫ್ಯಾಲರೈಟ್ ವಿದ್ಯುತ್ತನ್ನು ಸರಿಯಾಗಿ ಹರಿಸುವುದಿಲ್ಲ. ಜೊತೆಗೆ ಪೈರೈಟ್ (ಕಬ್ಬಿಣದ ಸಲ್ಫೈಡ್), ಗೆಲೀನಾದಂಥ ವಿದ್ಯುತ್ ಹರಿಸುವ ಖನಿಜ ಇದ್ದರಷ್ಟೇ ಸುಳಿವು ಸಿಕ್ಕೀತು. ಗುಹೆಗಳಲ್ಲಿ ತುಂಬಿದ ಒದ್ದೆ ಜೇಡಿಯಂತೂ ಅದಿರೆಂದೇ ನಂಬಿಸುತ್ತದೆ. ಅದೇ ಗುಹೆಗಳಲ್ಲಿ ಬೋರಿನ ನೀರು ಮಾಯವಾಗಿ, ಮೆದು ಆಕ್ಸೈಡ್ ಅದಿರು ತೊಳೆದುಹೋಗುತ್ತದೆ, ಕೈಗೆ ಗಟ್ಟಿ ಕಲ್ಲಷ್ಟೇ ಬರುತ್ತದೆ. ಆದ್ದರಿಂದ ಪ್ರತಿ ಸುತ್ತಿನಲ್ಲೂ ಕೊರೆದ ಉದ್ದ, ಸಿಕ್ಕ ಕೋರಿನ (ಬೋರಿನಿಂದ ಹೊರತೆಗೆದ ಕಲ್ಲಿನ ಕಡ್ಡಿ) ಉದ್ದ ಎರಡನ್ನೂ ಬರೆದಿಡಿ; ದಪ್ಪ ಎಚ್‌ಕ್ಯೂ ಕೋರಿನಲ್ಲೇ (ಸುಮಾರು 63.5 ಮಿ.ಮೀ. ವ್ಯಾಸ) ಆರಂಭಿಸಿ.

ಪ್ರಶ್ನೆ: ಪ್ರಯೋಗಾಲಯದ ವರದಿಯಲ್ಲಿ ‘ಸೀಸ >10000 ಪಿಪಿಎಂ’ ಎಂದಿದೆ. ಹಳೆಯ ಕಡತದಲ್ಲಿ ಬೆಳ್ಳಿ ಟನ್ನಿಗೆ 12 ಔನ್ಸ್ ಎಂದಿದೆ. ಹೇಗೆ ಓದುವುದು?

ಉತ್ತರ: ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಮೊದಲನೆಯದು ಉಪಕರಣದ ಮಿತಿ, ಸೀಸ 1%ಗಿಂತ ಹೆಚ್ಚೆಂದಷ್ಟೇ ತಿಳಿಯಿತು. ಅದೇ ಪುಡಿಯನ್ನು ಅದಿರು ದರ್ಜೆಯ ವಿಶ್ಲೇಷಣೆಗೆ ಮತ್ತೆ ಕೊಡಿ. ಎರಡನೆಯದಕ್ಕೆ, ಅದು 2000 ಪೌಂಡಿನ ಟನ್ ಆದರೆ 34.3ರಿಂದ ಗುಣಿಸಿ: ಮೆಟ್ರಿಕ್ ಟನ್ನಿಗೆ ಸುಮಾರು 411 ಗ್ರಾಂ. ಆರಿಸಿ ತೆಗೆದ ಒಂದೆರಡು ಕಲ್ಲಿನ ಫಲಿತಾಂಶವೋ, ಅದಿರಿನ ಪೂರ್ತಿ ಅಗಲದ್ದೋ ಎಂಬುದನ್ನು ಕಡತದಲ್ಲೇ ಹುಡುಕಿ.