ರೋಮಿನಲ್ಲಿ ಸರಾಸರಿ ಆಯಸ್ಸು 25 ಅಂದರೆ ಸೆನೆಟ್‌ನಲ್ಲಿ ಮುದುಕರು ಎಲ್ಲಿಂದ ಬಂದರು?

ಪ್ರಾಚೀನ ರೋಮಿನಲ್ಲಿ 25ಕ್ಕೇ ಜನ ಸಾಯುತ್ತಿದ್ದರೆ ಅಲ್ಲಿನ ಆಡಳಿತ ಸಭೆಯಾದ ಸೆನೆಟ್‌ನಲ್ಲಿ ಅರವತ್ತು ದಾಟಿದವರು ಹೇಗಿದ್ದರು, ಆ ಅಲ್ಪಾಯಸ್ಸಿನಿಂದ ಸಂಸಾರಗಳ ಗತಿ ಏನಾಯಿತು ಅಂತ ಕೇಳಿದ್ದೀರಿ.

25 ಅನ್ನೋದು ಹುಟ್ಟಿದ ಎಲ್ಲ ಮಕ್ಕಳನ್ನೂ ಸೇರಿಸಿ ತೆಗೆದ ಸರಾಸರಿ. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಹತ್ತು ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಆ ಗಂಡಾಂತರ ದಾಟಿದವರಿಗೆ ಐವತ್ತರ ಹತ್ತಿರ ಹೋಗುವ ಅವಕಾಶ ಚೆನ್ನಾಗಿಯೇ ಇತ್ತು. ನೂರು ವರ್ಷದ ಹಿಂದೆ ನಮ್ಮ ದೇಶದ ಸರಾಸರಿಯೂ 25ರ ಆಸುಪಾಸೇ ಇತ್ತು, ಮನೆಯ ಹಿರಿಯರನ್ನು ಕೇಳಿ ನೋಡಿ. ರೋಮಿನ ರಾಜಕಾರಣಿಗಳಾದ ಗ್ರಾಕಸ್ ಸೋದರರ ತಾಯಿ ಕಾರ್ನೇಲಿಯಾ 12 ಮಕ್ಕಳನ್ನು ಹೆತ್ತಳು. ದೊಡ್ಡವರಾಗಿದ್ದು 3 ಮಾತ್ರ. ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ಗೆ ಕಡಿಮೆ ಅಂದರೂ 13 ಮಕ್ಕಳು. ಗಂಡುಮಕ್ಕಳಲ್ಲಿ ಅಪ್ಪನ ಕಾಲಾನಂತರ ಉಳಿದವನು ಕೊಮೊಡಸ್ ಒಬ್ಬನೇ. ದುಡ್ಡು, ಅಧಿಕಾರ ಯಾವುದೂ ಇಲ್ಲಿ ಕೆಲಸಕ್ಕೆ ಬರಲಿಲ್ಲ.

ಮಕ್ಕಳ ಸಾವಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನ್ನ ಪ್ರಕಾರ ಸಮಾಜವನ್ನು ಜಾಸ್ತಿ ಬದಲಿಸಿದ್ದು ಅಪ್ಪಂದಿರ ಸಾವು. ರೋಮಿನಲ್ಲಿ ಅಪ್ಪ ಬದುಕಿರುವ ತನಕ ಮಗನ ಹೆಸರಿನಲ್ಲಿ ಆಸ್ತಿಯೇ ಇಲ್ಲ. ಮಗ ಕಾನ್ಸುಲ್ (ರೋಮಿನ ಅತ್ಯುನ್ನತ ಅಧಿಕಾರಿ) ಆಗಿದ್ದರೂ ಅಷ್ಟೇ. ಓದಿದರೆ ಭಯಂಕರ ಕಾನೂನು ಅನಿಸುತ್ತದೆ, ಅಲ್ವಾ? ಆದರೆ ಗಂಡಸರು ಮದುವೆಯಾಗುತ್ತಿದ್ದದ್ದೇ ಇಪ್ಪತ್ತರ ಕೊನೆಗೆ. ಹಾಗಾಗಿ ಮಗನಿಗೆ 25 ಆಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಅಪ್ಪ ಇರುತ್ತಿರಲಿಲ್ಲ. ಕಾನ್ಸುಲ್ ಆಗಲು ಚಕ್ರವರ್ತಿಗಳು ಬರುವ ಮೊದಲಿನ ಗಣರಾಜ್ಯದ ಕಾಲದಲ್ಲಿ 42 ಆಗಿರಬೇಕಿತ್ತು. ಅಷ್ಟು ಹೊತ್ತಿಗೆ ಅಪ್ಪನ ಹಂಗಿನಲ್ಲಿ ಉಳಿದಿದ್ದವರು ತೀರಾ ಕಮ್ಮಿ. ಆ ಕಾನೂನು ಅಷ್ಟು ಶತಮಾನ ನಡೆದದ್ದು ಈ ಕಾರಣಕ್ಕೂ ಇರಬಹುದು.

ಸಣ್ಣ ಮಕ್ಕಳ ಪಾಡು ಬೇರೆ. ಅಪ್ಪ ಸತ್ತರೆ ಆಸ್ತಿ ಪೋಷಕರ ಕೈಗೆ, ಸಾಮಾನ್ಯವಾಗಿ ಚಿಕ್ಕಪ್ಪ ದೊಡ್ಡಪ್ಪಂದಿರ ಕೈಗೆ. ಮುಂದಿನದನ್ನು ನೀವೇ ಊಹಿಸಬಹುದು. ಅಥೆನ್ಸ್‌ನ ದೆಮೊಸ್ತನೀಸ್‌ಗೆ ಅಪ್ಪ ಹೋದಾಗ 7 ವರ್ಷ. ಬಿಟ್ಟುಹೋದದ್ದು ಸುಮಾರು 14 ಟ್ಯಾಲೆಂಟ್ (ಆಗಿನ ಹಣದ ಲೆಕ್ಕ) ಆಸ್ತಿ, ಆ ಕಾಲಕ್ಕೆ ದೊಡ್ಡ ಮೊತ್ತ. ಪೋಷಕರು ಅದರಲ್ಲಿ ಬಹುಪಾಲು ನುಂಗಿದರು. ಇಪ್ಪತ್ತರ ಹುಡುಗ ಅವರ ಮೇಲೆ ಕೇಸು ಹಾಕಿ ತಾನೇ ವಾದಿಸಿದ, ಗೆದ್ದ. ಆದರೆ ಹಣ ಪೂರ್ತಿ ವಸೂಲಾಗಲಿಲ್ಲ. ಗ್ರೀಸಿನ ಅತಿ ದೊಡ್ಡ ಭಾಷಣಕಾರ ತಯಾರಾದದ್ದು ಈ ಆಸ್ತಿ ಜಗಳದಲ್ಲಿ. ಗಂಡು ಸಂತಾನವಿಲ್ಲದೆ ಅಪ್ಪ ಸತ್ತರೆ ಅದೇ ಅಥೆನ್ಸ್‌ನಲ್ಲಿ ಮಗಳನ್ನು ಮದುವೆಯಾಗುವ ಹಕ್ಕು ಅಪ್ಪನ ಕಡೆಯ ಹತ್ತಿರದ ಸಂಬಂಧಿಗೆ. ಎಷ್ಟೋ ಸಲ ಅವನು ಅವಳ ಚಿಕ್ಕಪ್ಪನೇ! ಆಸ್ತಿ ಮನೆತನ ಬಿಟ್ಟು ಹೋಗಬಾರದು, ಅಷ್ಟೇ ಲೆಕ್ಕ. ಅವಳ ಇಷ್ಟ ಯಾರೂ ಕೇಳುತ್ತಿರಲಿಲ್ಲ.

ಗಂಡು ಸಂತಾನ ಉಳಿಯದ ಸಮಸ್ಯೆಗೆ ರೋಮನ್ ಶ್ರೀಮಂತರು ದತ್ತು ಅನ್ನೋ ಉಪಾಯ ಬಳಸಿದರು. ಕೂಸನ್ನಲ್ಲ, ಬೆಳೆದ ಗಂಡಸನ್ನು. ಮಗು ಉಳಿಯುತ್ತದೋ ಇಲ್ಲವೋ ಯಾರಿಗೆ ಗೊತ್ತು? ಸೀಸರ್‌ನ ಉಯಿಲಿನಿಂದ ಆಕ್ಟೇವಿಯನ್ ದತ್ತುಮಗನಾದಾಗ ಅವನಿಗೆ 18. ಮುಂದೆ ಅವನೇ ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್ ಆದ. ತನ್ನ ನಂತರ ಪಟ್ಟಕ್ಕೆ ಬರಲಿ ಅಂತ ಅವನು ನೆಚ್ಚಿದ್ದ ಅಳಿಯ ಮಾರ್ಸೆಲ್ಲಸ್ ತೀರಿಕೊಂಡ, ಆಮೇಲೆ ದತ್ತು ತೆಗೆದುಕೊಂಡಿದ್ದ ಇಬ್ಬರು ಮೊಮ್ಮಕ್ಕಳೂ ಹೋದರು. ಕ್ರಿ.ಶ. 4ರಲ್ಲಿ ಬೇರೆ ದಾರಿ ಕಾಣದೆ ಟೈಬೀರಿಯಸ್‌ನನ್ನು ಮಗ ಮಾಡಿಕೊಂಡ. ಆ ಮಗನಿಗೆ ಆಗ 44 ವರ್ಷ.

ಹೆಚ್ಚು ಮಕ್ಕಳಾಗಲಿ ಅಂತ ಆಗಸ್ಟಸ್ ಕಾನೂನನ್ನೂ ತಂದ. ಮದುವೆಯಾಗದವರು ಪರರ ಉಯಿಲಿನಿಂದ ಆಸ್ತಿ ಪಡೆಯುವ ಹಾಗಿಲ್ಲ, ಮೂರು ಮಕ್ಕಳಿದ್ದವರಿಗೆ ವಿಶೇಷ ಸವಲತ್ತು. ಕ್ರಿ.ಶ. 9ರ ಕಾನೂನಿಗೆ ಪಾಪಿಯಸ್, ಪೋಪಿಯಸ್ ಎಂಬ ಇಬ್ಬರು ಕಾನ್ಸುಲ್‌ಗಳ ಹೆಸರಿದೆ. ಇಬ್ಬರಿಗೂ ಮದುವೆಯೇ ಆಗಿರಲಿಲ್ಲ! ಆಮೇಲೆ ಈ ಸವಲತ್ತೂ ವಶೀಲಿಯಿಂದ ಸಿಗತೊಡಗಿತು. ಲೇಖಕ ಕಿರಿಯ ಪ್ಲಿನಿಗೆ ಮಕ್ಕಳಿರಲಿಲ್ಲ, ಆದರೂ ಚಕ್ರವರ್ತಿ ಟ್ರಾಜನ್ ಅವನಿಗೆ ಮೂರು ಮಕ್ಕಳ ತಂದೆಯ ಹಕ್ಕು ದಯಪಾಲಿಸಿದ.